ಎಮಿನೆಯ ಕಿಟಕಿಯಲ್ಲಿ ಜೋಳದ ರೊಟ್ಟಿ

ಕಾದ ಕಬ್ಬಿಣದ ಮೇಲೆ ಬೆಣ್ಣೆ ಬಿದ್ದಾಗ ಏಳುವ ವಾಸನೆಗೆ ನಾನು ಇವತ್ತಿಗೂ ಎಲ್ಲಿದ್ದೇನೋ ಅಲ್ಲೇ ನಿಂತುಬಿಡುತ್ತೇನೆ. ಕಳೆದ ಶನಿವಾರ ಲಂಡನ್ನಿನ ಸಟನ್‌ನ ಹೈಸ್ಟ್ರೀಟಿನಲ್ಲಿ ಹಾಗೇ ಆಯಿತು. ಮಗಳಿಗೆ ಸ್ಕೂಲ್ ಶೂ ಕೊಳ್ಳಲು ಹೊರಟವಳು ನಾನು. ಒಂದು ಟರ್ಕಿಷ್ ಗಾಡಿ, ಬೋರಲು ಹಾಕಿದ ಬಾಣಲೆಯಂತೆ ಉಬ್ಬಿದ ಹಂಚು, ಅದರ ಮೇಲೆ ಪಾಲಕ್ ಮತ್ತು ಬಿಳಿ ಚೀಸ್ ತುಂಬಿ ಮಡಚಿದ ತೆಳ್ಳನೆಯ ರೊಟ್ಟಿ. ಗೊಜ್ಲೆಮೆ ಅನ್ನುತ್ತಾರೆ. "ಮಮ್, ಯು ಆರ್ ಕ್ರೈಯಿಂಗ್," ಅಂದಳು ಮಗಳು. ಹೊಗೆ ಕಣೇ ಅಂದೆ. ಗಾಡಿಯಲ್ಲಿ ಹೊಗೆಯೇ ಇರಲಿಲ್ಲ.

ತೊಂಬತ್ತರ ದಶಕದಲ್ಲಿ ನಾವಿದ್ದದ್ದು ಕಿಂಗ್ಸ್‌ಬರಿಯ ಒಂದು ಫ್ಲಾಟಿನಲ್ಲಿ. ಬಸ್‌ಸ್ಟಾಪಿನ ಎದುರು ಟರ್ಕಿಯಿಂದ ಬಂದ ಎಮಿನೆ ಆಂಟಿಯ ತಿಂಡಿ ಅಂಗಡಿ. ಅಲ್ಲಿನ ಸಿಮಿತ್ ತಿಂದವರಿಗೆ ಮಾತ್ರ ಗೊತ್ತು ಅದರ ರುಚಿ: ಬಳೆಯಷ್ಟು ದುಂಡಗಿನ ಬ್ರೆಡ್ಡು, ಮೈತುಂಬ ಎಳ್ಳು, ಕಚ್ಚಿದರೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಆಮೇಲೆ ಅರ್ಧ ದಿನ ಹಲ್ಲಿನ ಸಂದಿಯಲ್ಲಿ ಸಿಗುವ ಎಳ್ಳು. ಚಳಿಗಾಲದಲ್ಲಿ ಬಾಗಿಲ ಬಳಿ ಚೆಸ್ಟ್‌ನಟ್ ಸುಡುತ್ತಿದ್ದರು. ಸಿಪ್ಪೆ ಸುಲಿದರೆ ಥೇಟ್ ಬೇಯಿಸಿದ ಗೆಣಸಿನ ಸಿಹಿ. ಕೆಂಪು ಮೆಣಸಿನ ತರಿ ಬಣ್ಣದಲ್ಲಿ ಬ್ಯಾಡಗಿ, ಆದರೆ ಖಾರಕ್ಕಿಂತ ಬಿಸಿಲಿನ ವಾಸನೆಯೇ ಹೆಚ್ಚು. ಉಪ್ಪು ಹಾಕಿದ ಐರಾನ್ ಅಂದರೆ ನಮ್ಮ ಮಜ್ಜಿಗೆಯೇ, ಒಗ್ಗರಣೆ ಮರೆತದ್ದು. ಕುರಿಮಾಂಸ ಹರಡಿದ ಲಹ್ಮಜುನ್ ರೊಟ್ಟಿ ಮಾತ್ರ ನಮಗೆ ನಿಷಿದ್ಧ. ಅದರ ಮೇಲೆ ಹಿಂಡುವ ನಿಂಬೆಯ ಪರಿಮಳವನ್ನಷ್ಟೇ ಪುಕ್ಕಟೆ ಕುಡಿಯುತ್ತಿದ್ದೆ.

ಅಜ್ಜ ತೀರಿಕೊಂಡ ಮೇಲೆ ಅಪ್ಪ ಧಾರವಾಡದಿಂದ ಅಜ್ಜಿಯನ್ನು ಕರೆತಂದಾಗ ನನಗೆ ಒಂಬತ್ತು ವರ್ಷ. ಅಪ್ಪ ಅಮ್ಮ ಇಬ್ಬರಿಗೂ ಆಸ್ಪತ್ರೆಯ ಕೆಲಸ. ಶಾಲೆ ಬಿಟ್ಟ ಮೇಲೆ ಯಾರ್ಯಾರದೋ ಮನೆಯ ಸೋಫಾದ ತುದಿಯಲ್ಲಿ ಕಾಯುತ್ತ ಕೂರುತ್ತಿದ್ದವಳಿಗೆ ಬಾಗಿಲು ತೆಗೆಯಲು ಒಬ್ಬರು ಸಿಕ್ಕಿದ್ದರು, ತಲೆ ಬಾಚಲು ಒಬ್ಬರು ಸಿಕ್ಕಿದ್ದರು. ಅಜ್ಜಿ ಬೆಳಗಾಗುತ್ತಲೇ ಸ್ನಾನ ಮಾಡಿ, ಅಡುಗೆಮನೆಯ ನೆಲದ ಮೇಲೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ವಾರ ಕಳೆಯುವಷ್ಟರಲ್ಲಿ ಕೆಳಗಿನ ಫ್ಲಾಟಿನವನು ಡ್ರೆಸಿಂಗ್ ಗೌನಿನಲ್ಲೇ ಮೇಲೆ ಹತ್ತಿ ಬಂದ. ಇಷ್ಟು ಬೆಳಿಗ್ಗೆ ಸುತ್ತಿಗೆಯಲ್ಲಿ ಹೊಡೆಯುತ್ತಿರುವವರು ಯಾರು ಎಂದು ಕೇಳಿದ. ಅಮ್ಮ ಹತ್ತು ಸಲ "ಸಾರಿ" ಅಂದು ಬಾಗಿಲು ಹಾಕಿಕೊಂಡು, "ಅತ್ತೀ, ಇನ್ನ ರೊಟ್ಟಿ ಬ್ಯಾಡ್ರಿ. ಚಪಾತಿ ಲಟ್ಟಸೋಣು," ಅಂದಳು. ಅಜ್ಜಿ ಜಗಳವಾಡಲಿಲ್ಲ. ಊಟ ಕಡಿಮೆ ಮಾಡಿದಳು, ಮಾತು ಕಡಿಮೆ ಮಾಡಿದಳು. ಒಂದು ಸಂಜೆ ಅಪ್ಪನಿಗೆ, "ರೊಟ್ಟಿ ಬಡಿಲಾರದ ಮನಿಯೊಳಗ ನಂದೇನ ಕೆಲಸಾ? ಗೋಪಾಲಾ, ಟಿಕೀಟ ತೆಗಸು," ಅಂದಳು. ಅಪ್ಪ ಟ್ರಾವೆಲ್ ಏಜೆಂಟಿಗೆ ಫೋನ್ ಮಾಡಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದೆ.

ಮರುದಿನ ಶನಿವಾರ. ಲಂಡನ್ ಹಿಡಿಸಿಬಿಟ್ಟರೆ ಉಳಿದುಕೊಂಡಾಳು ಎಂಬ ಆಸೆಯಿಂದ ಅಜ್ಜಿಯನ್ನು ಹೊರಗೆ ಹೊರಡಿಸಿದೆ. ರಾಣಿಯ ಅರಮನೆ ತೋರಿಸಬೇಕೆಂದಿತ್ತು, ಆದರೆ ನನಗೆ ಗೊತ್ತಿದ್ದ ದಾರಿ ಬಸ್‌ಸ್ಟಾಪಿನವರೆಗೆ ಮಾತ್ರ. ಸೀರೆಯ ಮೇಲೆ ಅಪ್ಪನ ಸ್ವೆಟರ್ ತೊಟ್ಟಿದ್ದ ಅಜ್ಜಿ ಎಮಿನೆಯ ಕಿಟಕಿಯ ಮುಂದೆ ಗಕ್ಕನೆ ನಿಂತಳು. ಗಾಜಿನ ಹಿಂದೆ ಎಮಿನೆ ತಲೆವಸ್ತ್ರ ಕಟ್ಟಿ, ಕುಳ್ಳನೆಯ ದುಂಡು ಹಲಗೆಯ ಮುಂದೆ ಕೂತು ಹಿಟ್ಟು ಲಟ್ಟಿಸುತ್ತಿದ್ದಳು.

"ಏ ವಿದ್ಯಾ, ನೋಡಲ್ಲೆ! ಈಕಿ ನೆಲದ ಮ್ಯಾಲ ಕೂತಾಳ!"

"ಅದು ಅವರ ಶಾಪ್ ಅಜ್ಜಿ."

"ಲಟ್ಟಣಿಗಿ ನೋಡು, ಜ್ವಾಳದ ದಂಟಿನಷ್ಟ ಸಣ್ಣದು. ಕೈಲೆ ಬಡಿಲಿಕ್ಕೆ ಬರಂಗಿಲ್ಲೇನ ಪಾಪ ಈಕಿಗೆ?"

ಎಮಿನೆ ಒಳಗೆ ಕರೆದು ಬಿಸಿ ತುಂಡೊಂದನ್ನು ಚಾಚಿದಳು. ಪಕ್ಕದ ತಟ್ಟೆಯಲ್ಲಿದ್ದ ಕುರಿಮಾಂಸ ಕಂಡು ಅಜ್ಜಿ ಕೈ ಹಿಂದಕ್ಕೆ ಎಳೆದುಕೊಂಡಳು. "ಮಾಂಸಾ ಬೇಯಿಸಿದ ಹಂಚಿನ ಮ್ಯಾಲಿಂದು ನಾ ಒಲ್ಲೆ ಅಂತ ಹೇಳು." ನನಗೆ ನೆಲ ಬಿರಿದು ಒಳಗೆ ಹೋಗುವಷ್ಟು ನಾಚಿಕೆ. ಹೇಗೋ ಇಂಗ್ಲಿಷಿನಲ್ಲಿ ಹೇಳಿದೆ. ಎಮಿನೆಗೆ ಸಿಟ್ಟು ಬರಲಿಲ್ಲ. ಹಂಚು ತೋರಿಸಿ, "ಟುಮಾರೋ, ಅರ್ಲಿ. ಐ ವಾಶ್. ಫಸ್ಟ್ ಒನ್ ಫಾರ್ ತೇಯ್ಜೆ," ಅಂದಳು. ತೇಯ್ಜೆ ಅಂದರೆ ಚಿಕ್ಕಮ್ಮ. ಅವರಲ್ಲಿ ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತಾರೆ.

ಭಾನುವಾರ ಅಂಗಡಿ ತೆರೆಯುವ ಮೊದಲೇ ಹೋದೆವು. ಅಜ್ಜಿಯ ಶಾಲಿನೊಳಗೆ ಒಂದು ಸ್ಟೀಲ್ ಡಬ್ಬಿ. ಎಮಿನೆ ಅವಳ ಕಣ್ಣೆದುರೇ ಹಂಚನ್ನು ಉಜ್ಜಿ ತೊಳೆದು ಒಲೆಗೆ ಇಟ್ಟು, ಬೆಣ್ಣೆ ಸವರಿದಳು. ಆಲೂಗಡ್ಡೆ ತುಂಬಿದ ಮೊದಲನೇ ಗೊಜ್ಲೆಮೆ. ಹೋಟೆಲಿನ ನೀರನ್ನೂ ಮುಟ್ಟದ ನನ್ನ ಅಜ್ಜಿ ಅದನ್ನು ಮುರಿದು, ಮೂಸಿ ನೋಡಿ, ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು. ಆಮೇಲೆ ನಕ್ಕುಬಿಟ್ಟಳು. "ನಮ್ಮನ್ಯಾಗ ಮೊದಲನೇ ರೊಟ್ಟಿ ಆಕಳಿಗೆ ಇಡ್ತೇವಿ. ಇಲ್ಲೆ ಬಂದು ನಾನ ಆಕಳಾ ಆದೆ ನೋಡು!" ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಎಮಿನೆ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು.

ಅಜ್ಜಿ ಸೆರಗು ಸಿಕ್ಕಿಸಿ ಹಲಗೆಯ ಮುಂದೆ ಕೂತಳು. ಡಬ್ಬಿಯಲ್ಲಿದ್ದದ್ದು ಜೋಳದ ಹಿಟ್ಟು. ಬಿಸಿನೀರು ಹೊಯ್ದು ನಾದಿ, ಶುರು ಹಚ್ಚಿದಳು ನೋಡಿ: ಟಪ್ ಟಪ್ ಟಪ್. ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ನೈಟ್ ಡ್ಯೂಟಿ ಮುಗಿಸಿ ಮನೆಗೆ ಬಂದ ಅಪ್ಪ ನಾವು ಕಾಣದೆ ಗಾಬರಿಯಾಗಿ ಚಪ್ಪಲಿಯಲ್ಲೇ ಓಡಿ ಬಂದಿದ್ದ. ಸದ್ದಿನ ಜಾಡು ಹಿಡಿದೇ ಅಂಗಡಿಗೆ ನುಗ್ಗಿದ.

"ಅವ್ವಾ! ಇಲ್ಲೇನ್ ಮಾಡ್ಲಿಕ್ಕೆ ಹತ್ತಿ?"

"ಕಾಣಸಂಗಿಲ್ಲೇನು? ಕೂಡು. ಬಿಸೀದು ತಿನ್ನು."

"ನಾಳೆ ಟಿಕೀಟ ತರ್ಬೇಕು…"

"ಅದಕ್ಕೇನ ಅವಸರ? ಈಕಿಗೆ ಬಡಿಯೋದು ಬರಂಗಿಲ್ಲ. ಕಲಿಸಿ ಹೋಗ್ತೀನಿ."

ಎಮಿನೆ ಕಲಿಯಲೇ ಇಲ್ಲ. ಪ್ರತಿ ಭಾನುವಾರ ಅವಳ ರೊಟ್ಟಿ ಅಂಚು ಹರಿಯುತ್ತಿತ್ತು, ಪ್ರತಿ ಭಾನುವಾರ ಅಜ್ಜಿ ಬೈಯುತ್ತಿದ್ದಳು. ಹಾಳೆಯಷ್ಟು ತೆಳ್ಳಗೆ ಹಿಟ್ಟು ಹರಡುವ ಹೆಂಗಸಿಗೆ ಅದೊಂದು ಬರಲಿಲ್ಲವೆಂದರೆ ನೀವು ನಂಬುತ್ತೀರಾ? ನಾನು ನಂಬುವುದಿಲ್ಲ. ಟಿಕೆಟ್ಟಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ನಾನು ಯೂನಿವರ್ಸಿಟಿಗೆ ಹೋಗುವವರೆಗೂ ನನ್ನ ಜಡೆ ಅಜ್ಜಿಯ ಕೈಯಲ್ಲೇ ಇತ್ತು. ಅವಳು ಕಿಂಗ್ಸ್‌ಬರಿಯಲ್ಲೇ, ನಮ್ಮ ನಡುವೆಯೇ ಕಣ್ಣು ಮುಚ್ಚಿದಳು. ಆ ವಾರ ಎಮಿನೆ ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಆಮೇಲೆ ಅವಳೂ ಅಂಗಡಿ ಮುಚ್ಚಿ ತನ್ನೂರಿಗೆ ಹೋದಳು. ಈಗ ಆ ಕಿಟಕಿಯಲ್ಲಿ ಮೊಬೈಲ್ ಕವರುಗಳು ನೇತಾಡುತ್ತವೆ.

ಗಾಡಿಯ ಗೊಜ್ಲೆಮೆ ತಿಂದ ಮರುದಿನ ಬೆಳಿಗ್ಗೆ ಜೋಳದ ಹಿಟ್ಟು ತೆಗೆದು ನಮ್ಮ ಫ್ಲಾಟಿನ ನೆಲದ ಮೇಲೆ ಕೂತೆ. ಮಗಳೂ ಎದುರಿಗೆ ಕೂತಳು. ಅವಳ ಕೈ ನನಗಿಂತ ಚುರುಕು. ಮೊದಲನೇ ರೊಟ್ಟಿ ಉಬ್ಬಿ, ಎರಡನೆಯದು ಹಂಚಿಗೆ ಬಿದ್ದಿತ್ತು, ಅಷ್ಟರಲ್ಲಿ ಡೋರ್‌ಬೆಲ್. "ಮಮ್, ಇಟ್ಸ್ ದ ಲೇಡಿ ಫ್ರಮ್ ಡೌನ್‌ಸ್ಟೇರ್ಸ್," ಅಂದಳು ಬಾಗಿಲ ಕಿಂಡಿಯಲ್ಲಿ ಇಣುಕಿ ಬಂದ ಮಗಳು, ಮುಖ ಸಣ್ಣದು ಮಾಡಿಕೊಂಡು. ನನ್ನ ಬಾಯಿಗೆ "ಸಾರಿ" ಬಂದೇಬಿಟ್ಟಿತ್ತು, ನುಂಗಿಕೊಂಡೆ. ಮೊದಲನೇ ರೊಟ್ಟಿಗೆ ಬೆಣ್ಣೆ ಸವರಿ, ತಟ್ಟೆಯಲ್ಲಿ ಹಿಡಿದು, ಬಾಗಿಲು ತೆಗೆಯಲು ಹೋದೆ.