ಅತ್ತೆ, ಅಳಿಯ, ಬಸವನಹುಳು

ಬ್ವಾನಾಲಿಗೆ ಎಡಗಿವಿ ಕೇಳುವುದಿಲ್ಲ. ಹದಿನೆಂಟು ವರ್ಷ ಮಲಾವಿ ಸರೋವರದ ತಳಕ್ಕಿಳಿದು, ಪರದೇಶದವರ ಮನೆಯ ಗಾಜಿನ ತೊಟ್ಟಿಗಳಿಗೆಂದು ಬಣ್ಣದ ಮೀನು ಹಿಡಿದವನು ಅವನು. ದೋಣಿಯಲ್ಲಿ ಕೂತು ಕೊಳವೆಯಲ್ಲಿ ಅವನಿಗೆ ಗಾಳಿ ಕಳಿಸುತ್ತಿದ್ದವನು ನಾನು, ಅವನ ಗೆಳೆಯ ರಶೀದಿ. ಒಂದು ದಿನ ಕಿವಿಯ ತಮಟೆ ಹರಿದು ಮೇಲೆ ಬಂದ. ಮತ್ತೆ ಇಳಿದರೆ ಇನ್ನೊಂದು ಕಿವಿಯೂ ಹೋದೀತು ಎಂದರು ಡಾಕ್ಟರು. ಆ ದಿನ ಬಲೆಯಲ್ಲಿದ್ದ ಐದು ನೀಲಿ ಮೀನುಗಳನ್ನು ಅವನು ಮಾರಲಿಲ್ಲ. ನಡುಮನೆಯ ಮೇಜಿನ ಮೇಲೆ ತೊಟ್ಟಿಯಿಟ್ಟು ಸಾಕಿಕೊಂಡ. ಅವನ ಪಾಲಿಗೆ ಉಳಿದ ಸರೋವರ ಅಷ್ಟೇ.

ಆದರೆ ಮನೆ ಅವನದಲ್ಲ. ನಮ್ಮಲ್ಲಿ ಗಂಡು ಹೆಂಡತಿಯ ಊರಿಗೆ ಹೋಗಿ ಬಾಳಬೇಕು. ಮನೆ ಹೆಂಡತಿ ಅಸಿಯಾತುವಿನದು, ಅಲ್ಲಿ ನಡೆಯುವ ಮಾತು ಅವಳ ತಾಯಿ ಅಬೀತಿ ಕಾವಿಂಗಾ ಅವರದು. ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ, ಮಾತಾಡುವಂತಿಲ್ಲ, ಜೊತೆಗೆ ಉಣ್ಣುವಂತಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಇವರು ಅದನ್ನು ಮೀರಿದವರಲ್ಲ. ಅವನ ಮಧ್ಯಾಹ್ನದ ಊಟ ಮಾವಿನ ಮರದಡಿ ನನ್ನ ಜೊತೆ. ಆಕೆಯದು ನಡುಮನೆಯಲ್ಲಿ, ತೊಟ್ಟಿಯ ಎದುರಿನ ಚಾಪೆಯ ಮೇಲೆ, ಒಬ್ಬರೇ.

ಎಡವಟ್ಟು ಮಾಡಿದವನು ನಾನೇ. ಮೀನಿಗೆ ನೆರಳಿರಲಿ ಎಂದು ದಡದಿಂದ ಒಂದು ಹಿಡಿ ನೀರುಗಿಡ ಕಿತ್ತು ತಂದುಕೊಟ್ಟೆ. ಎಲೆಯ ಹಿಂದೆ ಮೊಟ್ಟೆಯಿತ್ತೋ ಏನೋ, ಎರಡೇ ತಿಂಗಳಲ್ಲಿ ಗಾಜಿನ ತುಂಬ ಬಸವನಹುಳು. ಅಬೀತಿಯವರ ತಮ್ಮ ರಕ್ತಮೂತ್ರದ ಕಾಯಿಲೆಯಲ್ಲಿ ಸತ್ತಿದ್ದ. ಆ ಕಾಯಿಲೆ ನೀರಿಗೆ ಬರುವುದು ಬಸವನಹುಳುವಿನಿಂದ ಎಂದು ನಮ್ಮ ದಡದಲ್ಲಿ ಮಕ್ಕಳಿಗೂ ಗೊತ್ತು.

ಅಪ್ಪಣೆಯನ್ನು ಅಸಿಯಾತು ತಂದಳು. "ಶುಕ್ರವಾರದ ನಮಾಜಿನ ಹೊತ್ತಿಗೆ ಹುಳು ಹೋಗಿರ್ಬೇಕಂತೆ. ಇಲ್ದಿದ್ರೆ ತೊಟ್ಟೀನೇ ಹೋಗುತ್ತಂತೆ."

ಬ್ವಾನಾಲಿಯ ಮುಖ ಬಾಡಿಹೋಯಿತು. ನನಗೂ ಸಂಕಟವಾಯಿತು.

"ಮೈಲುತುತ್ತ ಹಾಕು," ಎಂದೆ.

"ಹುಳು ಸಾಯುತ್ತೆ, ಮೀನೂ ಸಾಯುತ್ತೆ. ನಿನ್ನ ತಲೆಗೂ ಯಾರಾದ್ರೂ ಸ್ವಲ್ಪ ಗಾಳಿ ಕಳಿಸ್ಬೇಕು ಕಣಯ್ಯ."

ಅವನು ತನ್ನ ದಾರಿ ಹಿಡಿದ. ಸಂಜೆ ಬಾಡಿಸಿದ ಕುಂಬಳದೆಲೆಗೆ ಕಲ್ಲು ಕಟ್ಟಿ ತೊಟ್ಟಿಯಲ್ಲಿ ಮುಳುಗಿಸುವುದು, ಬೆಳಿಗ್ಗೆ ಎತ್ತುವುದು. ಎಲೆಯ ಅಡಿಯಲ್ಲಿ ಹುಳುಗಳ ಸಂತೆಯೇ ನೆರೆದಿರುತ್ತಿತ್ತು. ಕೋಳಿಗಳಿಗೆ ಹಬ್ಬ. ಗಾಜಿಗಂಟಿದ ಮೊಟ್ಟೆಗಳನ್ನು ಉಗುರಿನಿಂದ ಕೆರೆದ. ಮೀನು ತಿಂದು ಬಿಟ್ಟದ್ದನ್ನು ಮೇಯ್ದೇ ಹುಳು ಹೆಚ್ಚುವುದೆಂದು ಮೂರು ದಿನ ಮೀನಿಗೂ ಊಟ ಹಾಕಲಿಲ್ಲ. ಆದರೂ ಹುಳು ಇದ್ದಷ್ಟೇ ಇತ್ತು. ಮೀನುಗಳು ಮಾತ್ರ ಗುಂಡಗಾಗುತ್ತಿದ್ದವು.

"ಉಪವಾಸ ಇದ್ದು ದಪ್ಪ ಆಗೋದು ಹೇಗೋ?" ಎಂದ.

"ರಂಜಾನಿನಲ್ಲಿ ನೀನು ಆಗ್ತೀಯಲ್ಲ, ಹಾಗೆ."

ಬುಧವಾರ ಮರಳು ಕೆದಕಿದಾಗ ಕಲ್ಲಿನ ಸಂದಿಯಲ್ಲಿ ಬಿಳಿಯ ಉಂಡೆಗಳು ಸಿಕ್ಕವು. ಮೂಸಿ ನೋಡಿದ. ನ್ಸಿಮಾ. ಎರಡು ಹೊತ್ತೂ ನಾವು ಉಣ್ಣುವ ಮೆಕ್ಕೆಜೋಳದ ಮುದ್ದೆ. ತೊಟ್ಟಿಯ ಮುಂದೆ ಕೂತು ಉಣ್ಣುವವರು ಇಡೀ ಮನೆಯಲ್ಲಿ ಒಬ್ಬರೇ.

ನನಗೆ ನಗು ತಡೆಯಲಾಗಲಿಲ್ಲ. "ತೀರ್ಪು ಕೊಟ್ಟೋರೇ ಕಳ್ಳರು! ಅಸಿಯಾತು ಹತ್ರ ಹೇಳ್ಬಿಡು."

"ಮಗಳ ಬಾಯಲ್ಲಿ ತಾಯಿಗೆ ಕಳ್ಳಿ ಅನ್ನಿಸ್ಲಾ? ಅವರ ಮರ್ಯಾದೆ ಏನಾಗ್ಬೇಕು?" ಎಂದು ಗದರಿದ.

ಗುರುವಾರ ಮಧ್ಯಾಹ್ನ ಅಬೀತಿ ಊಟಕ್ಕೆ ಕೂತಿದ್ದರು. ಬ್ವಾನಾಲಿ ಹೊಸ್ತಿಲ ಹೊರಗೆ, ಒಳಕ್ಕೆ ಬೆನ್ನು ಹಾಕಿ ನಿಂತ. ನಾನು ಜಗಲಿಯ ಮೇಲಿದ್ದೆ. ಅಂಗಳ ನೋಡುತ್ತಲೇ ಅವನು ಗಟ್ಟಿಯಾಗಿ ಶುರುಮಾಡಿದ.

"ಮೀನುಗಳೇ, ಕೇಳಿ. ಯಾರಾದ್ರೂ ಪ್ರೀತಿಯಿಂದ ತುತ್ತು ಕೊಟ್ರೂ ತಗೋಬೇಡಿ. ನೀವು ಬಿಟ್ಟದ್ದನ್ನ ತಿಂದು ಆ ಹುಳು ಮೊಟ್ಟೆ ಇಡುತ್ವೆ. ನಾಳೆ ನೀವು ಹೋದ್ರೆ ನನಗೆ ಸರೋವರ ಅನ್ನೋದೇ ಇಲ್ಲ."

ಒಳಗೆ ತಟ್ಟೆಯ ಸದ್ದು ನಿಂತಿತು. ಆಮೇಲೆ ಮುದುಕಿಯ ದನಿ ಬಂತು.

"ಮೀನುಗಳೇ, ನಿಮ್ಮ ಯಜಮಾನನಿಗೆ ಹೇಳಿ. ನನ್ನ ತಮ್ಮ ಕೊನೇ ಎರಡು ತಿಂಗಳು ಏನೂ ತಿನ್ನೋಕಾಗ್ದೆ, ನನ್ನ ತಟ್ಟೆನೇ ನೋಡ್ತಾ ಮಲಗಿದ್ದ. ಅವತ್ತಿಂದ ನೋಡೋ ಕಣ್ಣೆದುರು ನನಗೆ ತುತ್ತು ಇಳಿಯಲ್ಲ. ನೀವು ಐದೂ ಗಾಜಿಗೆ ಮೂತಿ ಒತ್ಕೊಂಡು ನನ್ನನ್ನೇ ನೋಡ್ತೀರಿ. ನಾನೇನು ಮಾಡ್ಲಿ?"

ಬ್ವಾನಾಲಿ ಅಂಗಳ ನೋಡುತ್ತಲೇ ಹೇಳಿದ. "ಊಟದ ಹೊತ್ತಿಗೆ ತೊಟ್ಟಿ ಮೇಲೆ ಬಟ್ಟೆ ಹೊದಿಸ್ತೀನಿ ಅಂತ ಹೇಳಿ, ಮೀನುಗಳೇ."

"ಬೇಡ ಅಂತ ಹೇಳಿ. ಒಬ್ಬಳೇ ಉಣ್ಣೋದು ಅದಕ್ಕಿಂತ ಕಷ್ಟ. ನಿಮ್ಮ ಊಟ ಎಷ್ಟು ಅಂತ ಅಳೆದು ಇಟ್ಟಿರ್ಲಿ. ಅಷ್ಟೇ ಹಾಕ್ತೀನಿ, ನನ್ನ ಕೈಯಾರೆ."

ಶುಕ್ರವಾರ ಹುಳುಗಳೇನೂ ಪೂರ್ತಿ ಹೋಗಿರಲಿಲ್ಲ, ಆದರೆ ತೊಟ್ಟಿ ಇದ್ದಲ್ಲೇ ಇತ್ತು. ಅಂದಿನಿಂದ ಸೋಡಾ ಬಾಟಲಿಯ ಒಂದು ಮುಚ್ಚಳದಷ್ಟು ಮೀನಿನ ಕಾಳನ್ನು ಅವನು ಕಿಟಕಿಯಲ್ಲಿಟ್ಟು ಹೊರಗೆ ಬರುತ್ತಾನೆ. ತಿಂಗಳು ಕಳೆಯುವುದರೊಳಗೆ ಕುಂಬಳದೆಲೆಗೆ ಎರಡು ಮೂರು ಹುಳು ಅಂಟಿದರೆ ಹೆಚ್ಚು. ಕೋಳಿಗಳಿಗೆ ಮಾತ್ರ ನಮ್ಮಿಬ್ಬರ ಮೇಲೂ ಸಿಟ್ಟು.

ಈಗ ಎಲೆ ಹಾಕುವುದೂ ನಿಂತಿದೆ. ಆದರೂ ಬ್ವಾನಾಲಿ ದಿನಾ ಮಧ್ಯಾಹ್ನ ಹೊಸ್ತಿಲ ಹೊರಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಬಲಗಿವಿಯನ್ನು ಸ್ವಲ್ಪ ಒಳಕ್ಕೆ ತಿರುಗಿಸಿ, "ಮೀನುಗಳೇ, ಊಟ ಆಯ್ತಾ?" ಎಂದು ಕೇಳುತ್ತಾನೆ.

"ಆಯ್ತು ಅಂತ ಹೇಳಿ," ಎನ್ನುತ್ತಾರೆ ಅತ್ತೆ. "ಅವನದಾಯ್ತಾ ಅಂತ ಕೇಳಿ."