ಸಂಜೆಯ ಅವರೆಕಾಳು

ನನ್ನ ಕೊಡೆಗಳು ನನಗಿಂತ ಹೆಚ್ಚು ಊರು ಸುತ್ತಿವೆ. ನಂಜನಗೂಡಿನಿಂದ ತಿ. ನರಸೀಪುರದ ಕಚೇರಿಗೆ ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದ ಗುಮಾಸ್ತ ನಾನು. ನಾನು ಇಳಿದ ಮೇಲೂ ಕೊಡೆ ಪ್ರಯಾಣ ಮುಂದುವರಿಸುತ್ತಿತ್ತು. ಪ್ರೊಫೆಸರರು ಮರೆತರೆ ಜನ ಗೌರವದಿಂದ ನಗುತ್ತಾರೆ. ಗುಮಾಸ್ತ ಮರೆತರೆ ಮೆಮೊ ಕೊಡುತ್ತಾರೆ.

ಮರೆಯದೆ ಮಾಡುತ್ತಿದ್ದ ಕೆಲಸ ಒಂದೇ, ಸಂಜೆ ಬ್ರಾಂದಿ ಅಂಗಡಿಗೆ ಹೋಗುವುದು. ದಿನವಿಡೀ ತಲೆಯೊಳಗೆ ಬನ್ನೂರಿನ ಸಂತೆ ನೆರೆದಿರುತ್ತಿತ್ತು. ಮೊದಲ ಗುಟುಕಿಗೆ ಆ ಗದ್ದಲ ಅಡಗುತ್ತಿತ್ತು. ಅದಕ್ಕಾಗಿ ಕುಡಿದೆ, ರುಚಿಗಲ್ಲ. ಮೂರನೆಯ ಗ್ಲಾಸಿಗೆ ಸಂತೆಯ ಜೊತೆ ಮನೆಯೂ ಮರೆತುಹೋಗುತ್ತಿತ್ತು.

ನಮ್ಮದು ಕೊರಳಲ್ಲಿ ಲಿಂಗ ಧರಿಸುವ ಮನೆತನ. ಹೆಂಡತಿ ಗೌರಮ್ಮ ಒಂದು ದಿನ ನನ್ನ ಕೈಯನ್ನು ಲಿಂಗದ ಮೇಲಿರಿಸಿ, ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡಿಸಿದಳು. ತಪ್ಪಿದರೆ ಮಗಳನ್ನು ಕರೆದುಕೊಂಡು ಹೆಡತಲೆಯ ತವರಿಗೆ ಹೊರಡುತ್ತೇನೆ ಎಂದಳು. ಹನ್ನೊಂದನೆಯ ದಿನ ಕಾಲು ಅಂಗಡಿಯತ್ತಲೇ ತಿರುಗಿತು. ಹಾಗೆಂದು ನನಗೆ ಭಯಭಕ್ತಿ ಇಲ್ಲದಿಲ್ಲ. ಲಿಂಗ ಮೈಮೇಲಿರುವಾಗ ಕುಡಿಯಬಾರದೆಂದು ಅದನ್ನು ಬಿಚ್ಚಿ, ಕರ್ಚೀಫಿನಲ್ಲಿ ಸುತ್ತಿ, ಕಚೇರಿಯ ಡ್ರಾಯರಿನಲ್ಲಿಟ್ಟು ಹೋದೆ. ಅಷ್ಟು ಶಿಸ್ತಿನಿಂದ ಯಾವ ಫೈಲನ್ನೂ ಇಟ್ಟವನಲ್ಲ. ತಿರುಗಿ ತೆಗೆದುಕೊಳ್ಳುವುದನ್ನು ಮಾತ್ರ ಮರೆತೆ.

ಬಾಗಿಲು ತೆರೆದ ಗೌರಮ್ಮ ವಾಸನೆಗಿಂತ ಮೊದಲು ಬರಿಗೊರಳನ್ನು ನೋಡಿದಳು. ಮರುದಿನ ಬೆಳಿಗ್ಗೆ ನನ್ನೊಡನೆ ನರಸೀಪುರಕ್ಕೆ ಬಂದು, ಡ್ರಾಯರಿನಿಂದ ಲಿಂಗ ತೆಗೆಸಿ, ತಾನೇ ನನ್ನ ಕೊರಳಿಗೆ ಕಟ್ಟಿದಳು.  ಇನ್ನು ಹೆಡತಲೆಯ ಬಸ್ಸೇ ಎಂದು ನಾನು ತಲೆ ತಗ್ಗಿಸಿ ನಿಂತೆ. ಅವಳು ನನ್ನನ್ನು ಮೈಸೂರಿನ ಬಸ್ಸು ಹತ್ತಿಸಿ, ಕುಡಿತ ಬಿಡಿಸುವ ಮನೋವೈದ್ಯರ ಮುಂದೆ ಕೂರಿಸಿದಳು.

ನಾಲ್ಕಾರು ಸಲ ಕರೆಸಿಕೊಂಡು, ಕೊಡೆಗಳ ಕಥೆಯಿಂದ ಶಾಲೆಯಲ್ಲಿ ಬೆಂಚಿನ ಮೇಲೆ ನಿಂತ ಕಥೆಯವರೆಗೆ ಎಲ್ಲ ಕೇಳಿದ ಮೇಲೆ ಡಾಕ್ಟರು, "ಇದಕ್ಕೆ ಎ.ಡಿ.ಎಚ್.ಡಿ. ಅಂತಾರೆ, ಗಮನ ಒಂದು ಕಡೆ ನಿಲ್ಲದ ತೊಂದರೆ. ಚಿಕ್ಕಂದಿನಿಂದ್ಲೂ ಇದೆ, ಯಾರೂ ಗುರುತಿಸಿಲ್ಲ ಅಷ್ಟೆ," ಎಂದರು. ನಲವತ್ತು ವರ್ಷ ಬೇಜವಾಬ್ದಾರಿ ಎನ್ನಿಸಿಕೊಂಡವನಿಗೆ ಅಲ್ಲೇ ಅಳು ಬಂತು. ಮಾತ್ರೆ ಬರೆದರು, ರಜೆ ಹಾಕಿಸಿದರು. ಕುಡಿತ ಬಿಡುವ ಕೆಲಸ ಬೇರೆಯೇ ಇದೆ, ಸಂಜೆ ಹೊತ್ತು ಇವರ ಕೈಗೆ ಏನಾದರೂ ಕೊಡಿ ಎಂದು ಗೌರಮ್ಮನಿಗೆ ಹೇಳಿದರು.

"ಜಲ್ಮಕ್ಕೆಲ್ಲ ಆಣೆ ಇಡ್ಬೇಡಿ," ಎಂದಳು ಅವಳು ವಾಪಸು ಬರುವಾಗ. "ನಿಮ್ಗೆ ನೆಪ್ಪಿರಕಿಲ್ಲ. ಇವತ್ತೊಂದಿನ ಕುಡೀದೆ ಇರಿ, ಸಾಕು."

ಅದು ಅವರೆಯ ಕಾಲ. ಸಂಜೆಯಾಯಿತೆಂದರೆ ನೆನೆಸಿದ ಕಾಳಿನ ಬೋಗುಣಿ ನನ್ನ ಮುಂದೆ. ಹಿತುಕಿದರೆ ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಟಪ್ಪನೆ ಹಾರುತ್ತದೆ. ಒಂದು ಎತ್ತರಕ್ಕೆ, ಒಂದು ಮೂಲೆಗೆ. ಯಾವುದು ಎತ್ತ ಹಾರುವುದೋ ತಿಳಿಯದ ಈ ಕೆಲಸ ನನ್ನಂಥ ತಲೆಗೆಂದೇ ಹುಟ್ಟಿದ್ದು. ಬೀದಿಯವರೂ ತಮ್ಮ ಪಾತ್ರೆ ಕಳಿಸತೊಡಗಿದರು. ಅವರೆ ಮುಗಿದ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸಿದೆ. ನಡುವೆ ಒಂದು ಮದುವೆಮನೆಯಲ್ಲಿ ಜಾರಿ, ಕುಡಿದು ಬಂದೆ. ನಾಚಿಕೆಯಿಂದ ಸಾಯುವಂತಾಯಿತು. ಮಾರನೆಯ ಸಂಜೆ ಬೋಗುಣಿ ಎಂದಿನಂತೆ ಮುಂದೆ ಬಂತು.

ಎರಡು ವರ್ಷ ಕಳೆದು ಮತ್ತೊಂದು ಅವರೆಯ ಕಾಲ. ಕಚೇರಿಯಿಂದ ಬಂದು ಚಾಪೆ ಹಾಸಿ ಕುಳಿತೆ, ಬೋಗುಣಿ ಬರಲಿಲ್ಲ. ಗೌರಮ್ಮ ಮಗಳಿಗೆ ಜಡೆ ಹೆಣೆಯುತ್ತ ಯಾವುದೋ ಮಾತಿಗೆ ನಗುತ್ತಿದ್ದಳು.

"ಏನೇ, ಕಾಳು ನೆನೆಹಾಕಿಲ್ವಾ?" ಎಂದೆ.

"ಅಯ್ಯೋ ಶಿವನೇ, ಮರ್ತೇಬುಟ್ಟೆ! ಸಂಜೆ ಆಗಿದ್ದೇ ಗೊತ್ತಾಗ್ನಿಲ್ಲ ಕಣ್ರೀ."

ಮದುವೆಯಾದಾಗಿನಿಂದ ಸಂಜೆಯಾದರೆ ಗಡಿಯಾರವನ್ನೂ ಬಾಗಿಲನ್ನೂ ಸರದಿಯಂತೆ ನೋಡುತ್ತ ಕುಳಿತವಳು ಅವಳು. ಆ ಕಾವಲು ಇವತ್ತು ಅವಳಿಗೇ ಮರೆತುಹೋಗಿತ್ತು. ಒಂದು ಮನೆಯಲ್ಲಿ ಒಬ್ಬರು ಮರೆತರೆ ಇನ್ನೊಬ್ಬರಿಗೆ ನೆನಪಿದ್ದರಾಯಿತು. ನೆನಪಿಡುವ ಸರದಿ ಇಷ್ಟು ದಿನ ಅವಳದಾಗಿತ್ತು. ನಾನೇ ಎದ್ದು ಹೋಗಿ ನಾಳೆಗೆ ಕಾಳು ನೆನೆಹಾಕಿ ಬಂದೆ. ಆ ಸಂಜೆ ಬರಿಗೈಯಲ್ಲೇ ಕಳೆಯಿತು.