ಡಾಕ್ಟರು ಇಂಗ್ಲಿಷಿಗೆ ಹೊರಳಿದಾಗ

ಇವತ್ತು ತಂಗಿಯೊಡನೆ ಆಸ್ಪತ್ರೆಗೆ ಹೋಗಿದ್ದೆ. ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ, ಅವ್ವನ ಜೊತೆ ಬೈಲಹೊಂಗಲದ ದವಾಖಾನೆಯಲ್ಲಿ ಕುಳಿತ ದಿನ ನೆನಪಾಯಿತು.

ಅವ್ವನ ಕುತ್ತಿಗೆಯಲ್ಲಿ ಗಡ್ಡೆ ಎದ್ದಿತ್ತು. ಬೆಳಗಾವಿಯಿಂದ ಬಂದ ವರದಿ ನೋಡಿ ಡಾಕ್ಟರು ನರ್ಸಬಾಯಿಗೆ ಇಂಗ್ಲಿಷಿನಲ್ಲಿ ‘ಬಿನೈನ್’ ಎಂದರು. ನಮಗೆ ‘ಮುಂದಿನ ತಿಂಗಳು ಬರ್ರಿ’ ಎಂದಷ್ಟೇ ಹೇಳಿದರು. ರೋಗಿಯ ಮುಂದೆ ಡಾಕ್ಟರು ಇಂಗ್ಲಿಷಿಗೆ ಹೊರಳಿದರೆ ನಮ್ಮ ಕಡೆ ಕೆಟ್ಟ ಸುದ್ದಿಯೆಂದೇ ಲೆಕ್ಕ. ನನ್ನ ಶಾಲೆಯ ಇಂಗ್ಲಿಷ್ ಪುಸ್ತಕದಲ್ಲಿ ಆ ಶಬ್ದ ಇರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅವ್ವ ಬುತ್ತಿ ಬಿಚ್ಚಲೇ ಇಲ್ಲ. ‘ತಂಗೀನ್ನ ಕೈ ಬಿಡಬ್ಯಾಡವಾ ನೀ’ ಎಂದಳು. ಅಷ್ಟರಲ್ಲಿ ಅದೇ ನರ್ಸಬಾಯಿ ನೇಸರಗಿ ಬಸ್ಸಿಗೆಂದು ಬಂದರು. ಓಡಿಹೋಗಿ ಕೇಳಿದೆ.

‘ಅಕ್ಕಾರ, ಬಿನೈನ್ ಅಂದ್ರ ಏನ್ರಿ?’

‘ಕೆಟ್ಟ ಗಡ್ಡಿ ಅಲ್ಲ ಅಂತ. ಜೀವಕ್ಕ ಏನೂ ಧೋಕಾ ಇಲ್ಲವಾ. ಯಾಕ, ಡಾಕ್ಟರು ನಿಮಗ ಹೇಳಲಿಲ್ಲೇನು?’

ಅವ್ವ ಬುತ್ತಿ ಬಿಚ್ಚಿ, ಮೊದಲ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ನರ್ಸಬಾಯಿಯ ಕೈಗಿಟ್ಟಳು. ಆಮೇಲೆ ತಾನೂ ತಿಂದಳು, ಗಬಗಬನೆ.

ಇವತ್ತು ನನ್ನ ಗಡ್ಡೆಯ ವರದಿ ನೋಡಿದ ಡಾಕ್ಟರು ಪಕ್ಕದಲ್ಲಿದ್ದ ಕಿರಿಯ ಡಾಕ್ಟರಿಗೆ ಅದೇ ಶಬ್ದ ಹೇಳಿದರು. ತಂಗಿಯ ಮುಖ ಬಿಳಿಚಿತು, ನನ್ನ ಕೈ ಬಿಗಿಯಾಗಿ ಹಿಡಿದಳು.

‘ಹಸಿವಾಗೇತಿ, ನಡಿ, ಬುತ್ತಿ ಬಿಚ್ಚು’ ಎಂದೆ.